ಮೂರು ಕೂಗಿನ ಬ್ಲ್ಯಾಕ್ ಬೆಲ್ಟ್

ಮನೆ, ಮಾರ್ಕೆಟ್ಟು, ಲೋಕಲ್ ಟ್ರೇನು ಅಂತ ಮರ್ಯಾದೆಯಿಂದ ಇದ್ದವಳು ನಾನು. ಯಾವಾಗ ಆ ಕರಾಟೆಯ ಬಿಳಿ ಡ್ರೆಸ್ಸು ಮೈಮೇಲೆ ಬಂತೋ, ಅವತ್ತಿನಿಂದ ಒಂದಲ್ಲ ಒಂದು ಎಡವಟ್ಟು ನನ್ನನ್ನು ಹುಡುಕಿಕೊಂಡು ಬರ್ತಾನೇ ಉಂಟು. ಮುಂಬೈ ಮಲಾಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಯಾರನ್ನು ಕೇಳಿದರೂ ನಗು ತಡೆದುಕೊಂಡು ಒಂದಾದರೂ ಹೇಳ್ತಾರೆ. ಅವರು ಉಪ್ಪು ಖಾರ ಹಚ್ಚುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು.

ಬೆಳೆಯುವ ಮಗು

ಮೊದಲು ಕರಾಟೆಗೆ ಸೇರಿದ್ದು ನಾನಲ್ಲ, ನನ್ನ ಮಗಳು. ಆಗ ಅವಳಿಗೆ ಹತ್ತು ವರ್ಷ. ಡ್ರೆಸ್ಸು ತರಲಿಕ್ಕೆ ಹೋದದ್ದು ನನ್ನ ಗಂಡ. ಅವರು ಹೋಟೆಲಿನಲ್ಲಿ ಮ್ಯಾನೇಜರು, ಮುಂದಾಲೋಚನೆ ಇಲ್ಲದೆ ಒಂದು ಕರವಸ್ತ್ರವನ್ನೂ ಕೊಳ್ಳುವವರಲ್ಲ. "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ. ಮುಂದೆ ಸರಿಯಾಗ್ತದೆ" ಅಂತ ಒಂದು ತಂದರು. ಮಗಳು ಹಾಕಿಕೊಂಡರೆ ಕೈ ಯಾವ ತೋಳಿನೊಳಗೆ ಉಂಟು ಅಂತ ಹುಡುಕಬೇಕು. ಮೂರನೇ ವಾರಕ್ಕೆ ಅವಳು, "ಮಮ್ಮಾ, ನಾನು ಹೋಗೋದು ನಹೀ" ಅಂತ ತನ್ನ ಕನ್ನಡದಲ್ಲಿ ಖಡಾಖಂಡಿತ ಹೇಳಿಬಿಟ್ಟಳು.

ಸಿಟ್ಟಿನಲ್ಲಿ ಡ್ರೆಸ್ಸು ಮಡಚುವಾಗ ಸುಮ್ಮನೆ ಮೈಗೆ ಹಿಡಿದು ನೋಡಿದೆ. ದರ್ಜಿ ಅಳತೆ ತೆಗೆದು ನನಗೇ ಹೊಲಿದ ಹಾಗಿತ್ತು! ಕ್ಲಾಸು ಕೆಳಗೆ ಸೊಸೈಟಿಯ ಹಾಲಿನಲ್ಲೇ ನಡೆಯುವುದು. ನಲವತ್ತೆರಡನೇ ವಯಸ್ಸಿಗೆ, ಎಂಟು ಹತ್ತು ವರ್ಷದ ಮಕ್ಕಳ ಸಾಲಿನ ಕೊನೆಗೆ ಹೋಗಿ ನಿಂತೆ.

ಸಂಜೆ ಆ ವೇಷದಲ್ಲೇ ಬಾಗಿಲು ತೆರೆದೆ. ಗಂಡ ಮೇಲಿಂದ ಕೆಳಗಿನವರೆಗೆ ನೋಡಿದರು. ನಾನು ಬೈಗುಳಕ್ಕೆ ತಯಾರಾದೆ.

"ನಾನು ಹೇಳಿರಲಿಲ್ವಾ," ಅಂದರು, "ಮುಂದೆ ಸರಿಯಾಗ್ತದೆ ಅಂತ!"

ಮನೆಗೆ ಬಂದ ಸೆನ್ಸೈ

ಕರಾಟೆ ಗುರುಗಳಿಗೆ ಸೆನ್ಸೈ ಅನ್ನುತ್ತಾರೆ. ನಮ್ಮ ಸೆನ್ಸೈ ಮರಾಠಿಯವರು, ಬಹಳ ಮರ್ಯಾದಸ್ಥರು. ಒಂದು ದಿನ ಪರೀಕ್ಷೆಯ ಫಾರ್ಮು ಕೊಡಲಿಕ್ಕೆ ಮನೆಗೇ ಬಂದರು. ನಾನು ಸ್ನಾನಕ್ಕೆ ಹೋಗಿದ್ದೆ. ವಾಚ್‌ಮನ್ ಇಂಟರ್‌ಕಾಮಿನಲ್ಲಿ "ಸೆನ್ಸೈ ಆಯೇ ಹೈ" ಅಂದದ್ದು ನಮ್ಮ ಅತ್ತೆಯ ಕಿವಿಗೆ "ಸೆನ್ಸಸ್", ಅಂದರೆ ಜನಗಣತಿ, ಅಂತ ಬಿತ್ತು.

ಅತ್ತೆ ಉಡುಪಿ ಕಡೆಯವರು, ಮುಂಬೈಗೆ ಬಂದು ಐವತ್ತು ವರ್ಷ ದಾಟಿದೆ, ಹಿಂದಿ ಮಾತ್ರ ಇನ್ನೂ ದಾರಿಯಲ್ಲೇ ಉಂಟು. ರೇಶನ್ ಕಾರ್ಡು, ಎಲ್ಲರ ಆಧಾರು, ಲೈಟ್ ಬಿಲ್ಲು ಎಲ್ಲ ಟೀಪಾಯಿಯ ಮೇಲೆ ಹರಡಿ, "ಘರ್ ಮೇ ಚಾರ್ ಆದ್ಮಿ. ಏಕ್ ಟೀವಿ. ಪಾಯಿಖಾನಾ ಅಂದರ್ ಹೈ" ಅಂತ ವರದಿ ಒಪ್ಪಿಸಿದರು. ಪಾಪ ಸೆನ್ಸೈ! ಹಿರಿಯರು ಮಾತಾಡುವಾಗ ಅಡ್ಡ ಬರಬಾರದು ಅಂತ ಒಂದೊಂದಕ್ಕೂ ಎದ್ದು ನಿಂತು ಬಗ್ಗಿ ವಂದಿಸಿದರಂತೆ.

ನಾನು ಹೊರಗೆ ಬರುವಷ್ಟರಲ್ಲಿ ಅವರು ಫಾರ್ಮು ಇಟ್ಟು ಹೋಗಿಯಾಗಿತ್ತು. ಅತ್ತೆಯ ಮುಖ ಅರಳಿತ್ತು. "ಹಿಂದಿನ ಸಲ ಬಂದವ ತಲೆ ತಿಂದಿದ್ದ. ಇವರು ಒಂದು ಪ್ರಶ್ನೆ ಕೇಳಲಿಲ್ಲ, ಪಾಯಿಖಾನೆಗೂ ನಮಸ್ಕಾರ ಮಾಡಿದರು. ಸರ್ಕಾರ ಎಷ್ಟು ಸುಧಾರಿಸಿದೆ ಮಾರಾಯ್ತಿ!"

ಡಾನ್

ಹಳದಿ, ಹಸಿರು, ಕಂದು ಬೆಲ್ಟುಗಳಾಗಿ ಐದು ವರ್ಷಕ್ಕೆ ಬ್ಲ್ಯಾಕ್ ಬೆಲ್ಟಿನ ಬಾಗಿಲಿಗೆ ಬಂದೆ. ಅದರ ಮೊದಲ ಹಂತಕ್ಕೆ 'ಫಸ್ಟ್ ಡಾನ್' ಅಂತ ಹೆಸರು. ಹೆಸರಿಟ್ಟವರಿಗೆ ಮುಂಬೈ ಗೊತ್ತಿರಲಿಲ್ಲ ಅಂತ ಕಾಣ್ತದೆ.

ಅತ್ತೆ ಮುಲುಂಡಿನಲ್ಲಿರುವ ತಂಗಿಗೆ ಫೋನು ಹಚ್ಚಿದರು. ಸ್ಪೀಕರ್ ಹಾಕದೆ ಅವರಿಗೆ ಮಾತಾಡಿ ಗೊತ್ತಿಲ್ಲ.

"ನಮ್ಮ ಸೊಸೆ ಡಾನ್ ಆಗ್ತಾಳಂತೆ. ಬೊರಿವಲಿಯಲ್ಲಿ ಪರೀಕ್ಷೆ ಉಂಟು."

ಆ ಕಡೆಯಿಂದ ಚಿಕ್ಕತ್ತೆಯ ನಿಟ್ಟುಸಿರು. "ಎಂತ ಕಾಲ ಬಂತು ಅಕ್ಕಾ! ಈಗ ಅದಕ್ಕೂ ಪರೀಕ್ಷೆ ಬರೀಬೇಕಾ?"

ಶ್‌ಶ್

ಇಲ್ಲಿ ಸ್ವಲ್ಪ ಅಳು ಉಂಟು, ಸಹಿಸಿಕೊಳ್ಳಿ. ಆ ಪರೀಕ್ಷೆಯಲ್ಲಿ ನಾನು ಫೇಲಾದೆ. ಆರು ತಿಂಗಳು ಬಿಟ್ಟು ಮತ್ತೆ ಹೋದೆ, ಮತ್ತೆ ಫೇಲು. ಒದೆ ಸರಿ, ಗುದ್ದು ಸರಿ, ನಿಲುವು ಸರಿ. ಆದರೆ ಗುದ್ದುವಾಗ ಹೊಟ್ಟೆಯಾಳದಿಂದ ಒಂದು ಕೂಗು ಹಾಕಬೇಕು. ಅದು ನನಗೆ ಬರುವುದಿಲ್ಲ.

ಹೇಗೆ ಬರಬೇಕು? ಮದುವೆಯಾಗಿ ಬಂದದ್ದು ಚಾಳಿನ, ಅಂದರೆ ಸಾಲು ವಠಾರದ, ಒಂದೇ ಕೋಣೆಯ ಖೋಲಿಗೆ. ಮಾವನಿಗೆ ಮಿಲ್ಲಿನಲ್ಲಿ ರಾತ್ರಿ ಪಾಳಿ, ಹಗಲು ನಿದ್ದೆ. ಪಾತ್ರೆ ಸದ್ದಾದರೆ ಅತ್ತೆ "ಶ್‌ಶ್!" ನಕ್ಕರೆ "ಶ್‌ಶ್!" ಅತ್ತೆ ಕೆಟ್ಟವರಲ್ಲ, ಗಂಡನ ನಿದ್ದೆ ಕಾಯುತ್ತಿದ್ದರು ಅಷ್ಟೆ. ಮಾವ ತೀರಿಕೊಂಡು, ನಾವು ಮಲಾಡಿಗೆ ಬಂದು ಎಷ್ಟೋ ವರ್ಷವಾದರೂ ನನ್ನ ಗಂಟಲಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಬ್ಲ್ಯಾಕ್ ಬೆಲ್ಟಿನ ಮೇಲೆ ಹಳದಿ ದಾರದಲ್ಲಿ ಹೆಸರು ಕಸೂತಿ ಮಾಡಿಕೊಡ್ತಾರೆ. ಸರ್ಕಾರಿ ಕಾಗದ ಬಿಟ್ಟರೆ ನನ್ನ ಹೆಸರು ಕೊನೆಯ ಸಲ ಅಚ್ಚಾದದ್ದು ನನ್ನ ಮದುವೆ ಕಾಗದದಲ್ಲಿ, ಅದರಲ್ಲೂ ಒಂದಕ್ಷರ ತಪ್ಪಿತ್ತು. ನನಗೆ ಆ ಬೆಲ್ಟು ಬೇಕಿತ್ತು ಮಾರಾಯ್ರೆ, ತುಂಬ ಬೇಕಿತ್ತು.

"ಮೂರನೇ ಸಲವೂ ಕೂಗದಿದ್ದರೆ ಇನ್ನು ಹೆಸರು ಕಳಿಸಲಾರೆ" ಅಂದರು ಸೆನ್ಸೈ. ರಾಜಿ ಮಾಡಿಕೊಳ್ಳಲಿಕ್ಕೆ ನಾನೊಂದು ಪ್ರಶ್ನೆ ಕೇಳಿದೆ: "ಸರ್, ಕೂಗು ಬರೆದು ಕೊಟ್ಟರೆ ಆಗುವುದಿಲ್ವಾ?"

ಬೇಯದ ಬೇಳೆ

ಬಿಲ್ಡಿಂಗಿನಲ್ಲಿ ಕೂಗು ಅಭ್ಯಾಸ ಮಾಡುವುದು ಎಲ್ಲಿ? ಒಮ್ಮೆ ಬಾತ್‌ರೂಮಿನಲ್ಲಿ ಪ್ರಯತ್ನಿಸಿದಾಗ ಬಂದ ಕೀಚಲು ಕೇಳಿ, ಹಲ್ಲಿ ಕಂಡು ಹೆದರಿದೆ ಅಂತ ಎದುರು ಮನೆಯವರು ಪೊರಕೆ ಹಿಡಿದು ಬಂದರು. ಕೊನೆಗೆ ಉಪಾಯ ಹೊಳೆಯಿತು. ಕುಕ್ಕರ್! ಅದು ಕೂಗಿದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅದು 'ಶ್ಶ್ಶೂಂಯ್ಯ್' ಅಂದ ಕೂಡಲೇ ಅದರ ಬೆನ್ನಿಗೇ ನಾನೂ ಒಂದು ಬಿಟ್ಟೆ. ಬಂತು! ಸಣ್ಣದು, ಆದರೂ ಬಂತು.

ಆದರೆ ನಮ್ಮ ಮನೆಯಲ್ಲಿ ಕುಕ್ಕರಿನ ಕೂಗು ಎಣಿಸುವುದು ಅತ್ತೆ. ಹಾಲಿನಲ್ಲಿ ಕೂತು, ನನ್ನದನ್ನೂ ಕುಕ್ಕರಿನದ್ದೇ ಅಂತ ಸೇರಿಸಿ, "ಮೂರು ಕೂಗಾಯ್ತು, ಆರಿಸು!" ಅನ್ನುತ್ತಿದ್ದರು. ಇನ್ನೂ ಆಗಿಲ್ಲ ಅಂದರೆ ಗುಟ್ಟು ರಟ್ಟು. ಸುಮ್ಮನೆ ಆರಿಸುತ್ತಿದ್ದೆ. ಒಂದು ವಾರ ತೊಗರಿಬೇಳೆ ಗಟ್ಟಿ ಗಟ್ಟಿ. ಅತ್ತೆ ಕುಕ್ಕರಿನ ರಬ್ಬರು ಬದಲಾಯಿಸಿದರು, ಬೇಳೆ ಬದಲಾಯಿಸಿದರು, ಅಂಗಡಿಯವನಿಗೆ ಬೈದರು. ಗಂಡ ಸಾಂಬಾರನ್ನು ಜಗಿಯುತ್ತಾ, "ಹೋಟೆಲಿನಲ್ಲೇ ಊಟ ಮಾಡಿ ಬರ್ತೇನೆ" ಅಂದರು.

ಎಂಟನೇ ದಿನ ಅತ್ತೆ ಸದ್ದಿಲ್ಲದೆ ಅಡುಗೆಮನೆಗೆ ಬಂದು ನಿಂತಿದ್ದರು. ನಾನು ಕಾಲು ಅಗಲಿಸಿ ಕುಕ್ಕರಿನ ಮುಂದೆ ಮುಷ್ಟಿ ಬಿಗಿದು "ಹಾಯ್!" ಅಂತ ಕೂಗಿ ತಿರುಗಿದರೆ ಅವರ ಮುಖ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿಂತಲ್ಲೇ ಅಳುತ್ತಾ ಎಲ್ಲ ಹೇಳಿಬಿಟ್ಟೆ, ಚಾಳಿನ "ಶ್‌ಶ್" ಸಮೇತ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಇನ್ನು ಮೇಲೆ ನೀನು, ಕುಕ್ಕರು ಇಬ್ಬರೂ ಸರದಿ ಪ್ರಕಾರ ಕೂಗಿ. ನನಗೆ ಲೆಕ್ಕ ತಪ್ತದೆ" ಅಂದರು.

ಬೊರಿವಲಿ

ಮೂರನೇ ಪರೀಕ್ಷೆಗೆ ಅತ್ತೆ ತಾವೂ ಬರ್ತೇನೆ ಅಂತ ಹಟ ಹಿಡಿದರು. ಹಾಲಿನ ಹಿಂದಿನ ಗೋಡೆಗೆ ಒರಗಿ, ಚೀಲ ಮಡಿಲಲ್ಲಿಟ್ಟು ಕೂತರು. ಎದುರಿಗೆ ಮೇಜಿನ ಹಿಂದೆ ಮೂವರು ಪರೀಕ್ಷಕರು. ಒದೆ, ಗುದ್ದು, ತಿರುಗುವುದು ಎಲ್ಲ ಚೆನ್ನಾಗಿಯೇ ಆಯ್ತು. ಕೂಗುವ ಜಾಗ ಬಂತು. ಬಾಯಿ ತೆರೆದೆ. ಗಾಳಿ ಬಂತು.

ಹಿರಿಯ ಪರೀಕ್ಷಕರು ಪೆನ್ನು ಎತ್ತಿದರು. "ಮ್ಯಾಡಂ, ಆವಾಜ್?" ಅಂದರು. "ಆಖ್ರಿ ಬಾರ್."

ಮತ್ತೆ ನಿಂತೆ. ಕಾಲು ಅಗಲಿಸಿ ಮುಷ್ಟಿ ಬಿಗಿದೆ. ಅಷ್ಟರಲ್ಲಿ ಹಿಂದಿನಿಂದ ಕೇಳಿಸಿತು:

"ಶ್‌ಶ್‌ಶ್..."

ಅತ್ತೆ! ಇವತ್ತೂ ಸುಮ್ಮನಿರು ಅಂತಾರಲ್ಲ ದೇವರೇ ಅಂದುಕೊಂಡೆ. ಆದರೆ ಆ "ಶ್‌ಶ್" ನಿಲ್ಲಲಿಲ್ಲ. ಉದ್ದವಾಯ್ತು, ಮೇಲೇರಿತು, ಕೊನೆಗೆ ಎಪ್ಪತ್ತಾರು ವರ್ಷದ ಆ ಬಾಯಿಂದ ಥೇಟ್ ನಮ್ಮ ಅಡುಗೆಮನೆಯ ಸದ್ದು ಹೊರಟಿತು: "ಶ್ಶ್ಶ್ಶೂಂಯ್ಯ್ಯ್!"

ಅದರ ಬೆನ್ನಿಗೇ ನಾನು ಕೂಗಿದೆ. ಚಾಳಿನ ಖೋಲಿಯಲ್ಲಿ ನುಂಗಿದ್ದೆಲ್ಲ ಒಟ್ಟಿಗೇ ಹೊರಗೆ ಬಂತು. ಹೊರಗಿದ್ದ ವಾಚ್‌ಮನ್ ಕೋಲು ಹಿಡಿದು ಒಳಗೆ ಓಡಿ ಬಂದ. ಹಿರಿಯ ಪರೀಕ್ಷಕರ ಚಹಾ ಮೇಜಿನ ಮೇಲೆಲ್ಲ ಚೆಲ್ಲಿತು. ಅವರು ಎರಡೂ ಕೈಯೆತ್ತಿ, "ಬಸ್ ಬಸ್! ಪಾಸ್! ಪಾಸ್!" ಅಂದರು.

ಹಿಂದಿನಿಂದ ಅತ್ತೆ ಎದ್ದು ನಿಂತು ಗದರಿದರು:

"ಇಷ್ಟು ಬೇಗ ಆರಿಸಬೇಡಿ ಮಾರಾಯ್ರೆ! ಇನ್ನೂ ಎರಡು ಕೂಗು ಉಂಟು!"