ಒಂದು ದಿನವೂ ಕೈಕೊಡದ ಸೆನ್ಸರ್

"ಇನ್ನು ಮೇಲೆ ಈ ಮನೇಲಿ ಯಾರೂ ಮೀನಿಗೆ ನೀರು ಹೊರಬೇಕಾಗಿಲ್ಲ" ಎಂದು ಲಿಫ್ಟ್ ಮೆಕ್ಯಾನಿಕ್ ಸಾರಿದಾಗ ಅವನ ಹೆಂಡತಿ ತಲೆ ಎತ್ತಲಿಲ್ಲ. ಇಂಥ ಘೋಷಣೆಗಳನ್ನು ಕೇಳಿ ಕೇಳಿ ಅವಳ ಕಿವಿ ದಣಿದಿತ್ತು.

ಗಾಜಿನ ತೊಟ್ಟಿಯ ನೀರು ದಿನವೂ ಒಂದಿಷ್ಟು ಆರಿ ಇಳಿಯುತ್ತಿತ್ತು. ಅದರಲ್ಲಿದ್ದುದು ಅವನ ಅಮ್ಮನ ಮುದ್ದಿನ ಮುದಿ ಮೀನು. ತನ್ನ ತಂಗಿಯ ಹಸುಗೂಸನ್ನು ನೋಡಿಬರೋಣವೆಂದು ಹೆಂಡತಿ ಎಷ್ಟು ಸಲ ಬಾಯಿಬಿಟ್ಟರೂ, ನೀರು ಹಾಕುವವರು ಯಾರು ಎಂಬಲ್ಲಿಗೆ ಪ್ರಯಾಣ ಮುಗಿಯುತ್ತಿತ್ತು. ಈಗ ಸೆನ್ಸರ್ ಬಂದಿದೆ. ನೀರು ತಗ್ಗಿದರೆ ಮೋಟಾರು ಕೆಳಗಿನ ಬಕೆಟ್ಟಿನಿಂದ ತಾನೇ ಎತ್ತಿ ಹಾಕುತ್ತದೆ. ತುಂಬಿದರೆ ತಾನೇ ನಿಲ್ಲುತ್ತದೆ.

ತೊಟ್ಟಿ ಸದಾ ತುಂಬಿರುತ್ತಿತ್ತು. ಮೆಕ್ಯಾನಿಕ್ ಬಂದವರಿಗೆಲ್ಲ ಅದನ್ನು ತೋರಿಸಿ, ಮನುಷ್ಯರನ್ನು ನಂಬಿ ಕೆಟ್ಟೆವು, ಯಂತ್ರ ಒಂದು ದಿನವೂ ಕೈಕೊಟ್ಟಿಲ್ಲ ಎನ್ನುತ್ತಿದ್ದ. ಬಕೆಟ್ಟಿನ ನೀರು ಮಾತ್ರ ಇಳಿದಿರಲಿಲ್ಲ. ಅದನ್ನವನು ಯಂತ್ರದ ಮಿತವ್ಯಯವೆಂದು ಮೆಚ್ಚಿಕೊಂಡ.

ಕೊನೆಗೂ ಹೊರಡುವ ಬೆಳಗು ಬಂತು. ಮಗುವಿನ ಬಟ್ಟೆಗಳನ್ನು ತುಂಬಿದ ಚೀಲ ತೊಟ್ಟಿಯ ಪಕ್ಕದಲ್ಲಿ ಬಾಯಿ ತೆರೆದು ಕುಳಿತಿತ್ತು. ಬಾಗಿಲ ಬಳಿ ಅಮ್ಮನಿಗೆ ಕನ್ನಡಕ ನೆನಪಾಯಿತು. ಒಳಗೆ ಹೋಗಿ ಬಂದರು. ಹೆಂಡತಿಗೆ ಗ್ಯಾಸ್ ನೆನಪಾಯಿತು. ಅವಳೂ ಹೋಗಿ ಬಂದಳು. ಕಿಟಕಿ ನೋಡಿ ಬರುತ್ತೇನೆಂದು ಒಳಹೊಕ್ಕ ಮೆಕ್ಯಾನಿಕ್ ಸದ್ದಿಲ್ಲದೆ ಚೊಂಬು ಹಿಡಿದು, ತಿರುಗಿ ಬರುವವರೆಗಿನ ನೀರನ್ನೆಲ್ಲ ಮುಂಗಡವಾಗಿ ಸುರಿದ.

ನೀರು ಗಾಜಿನ ಅಂಚು ದಾಟಿ ನೇರ ಚೀಲದೊಳಗೆ ಇಳಿಯಿತು.

ಸದ್ದಿಗೆ ಇಬ್ಬರೂ ಓಡಿಬಂದರು. ಅವನ ಕೈಯಲ್ಲಿನ್ನೂ ಚೊಂಬಿತ್ತು.

"ನೀವೂ ಹಾಕ್ತಿದ್ರಾ?" ಎಂದಳು ಹೆಂಡತಿ.

"ನೀವೂ ಅಂದ್ರೆ?"

"ನಾನು ದಿನಾ ಮಧ್ಯಾಹ್ನ ಹಾಕ್ತೀನಿ. ಈಗಲೂ ಹಾಕಿ ಬಂದೆ. ನಿಮ್ಮ ಮಿಷನ್ ಮೇಲೆ ನಂಗೆ ಯಾವತ್ತು ನಂಬಿಕೆ ಇತ್ತು?"

ಅಮ್ಮ ಕನ್ನಡಕ ಒರೆಸಿಕೊಳ್ಳುತ್ತ, ತಾನು ಬೆಳಿಗ್ಗೆ ಹಾಕುವುದಾಗಿ ಹೇಳಿದರು.

ಮೆಕ್ಯಾನಿಕ್‌ಗೆ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಇಷ್ಟು ಜನ ಸುರಿದರೆ ಯಂತ್ರಕ್ಕೆ ತನ್ನ ಯೋಗ್ಯತೆ ತೋರಿಸಲು ಅವಕಾಶವಾದರೂ ಎಲ್ಲಿ ಎಂದು ಗೊಣಗುತ್ತ, ನೆಲ ಒರೆಸಲು ತೊಟ್ಟಿಯ ಸ್ಟ್ಯಾಂಡಿನ ಹಿಂದೆ ಬಗ್ಗಿದ. ಸೆನ್ಸರಿನ ಪ್ಲಗ್ ನೆಲದ ಮೇಲೆ, ಧೂಳು ಹೊದ್ದು ಮಲಗಿತ್ತು.

"ಅದಾ?" ಎಂದರು ಅಮ್ಮ. "ಬಂದ ದಿನವೇ ಕಿತ್ತಿಟ್ಟೆ ಕಣಪ್ಪಾ. ಗರಗರ ಅಂತಿತ್ತು. ಪಾಪ, ಮೀನಿಗೆ ನಿದ್ದೆ ಬರ್ತಿರಲಿಲ್ಲ."

ಹೆಂಡತಿ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ಹಿಂಡಿ ಬೇರೆ ಚೀಲಕ್ಕೆ ಹಾಕಿದಳು, ಅದರಲ್ಲಿದ್ದ ಗಂಡನ ಅಂಗಿಗಳನ್ನು ತೆಗೆದು ಕುರ್ಚಿಯ ಮೇಲಿಟ್ಟಳು. ಅತ್ತೆಯ ಕೈ ಹಿಡಿದು ಹೊರಡುವಾಗ ಇಷ್ಟೇ ಹೇಳಿದಳು: "ಕಮ್ಮಿಯಾದ್ರೆ ಹಾಕಿ, ತುಂಬಿದ್ರೆ ನಿಲ್ಲಿಸಿ."

ಅಮ್ಮ ಮೆಟ್ಟಿಲಿನಿಂದ ತಿರುಗಿ ಮಗನನ್ನು ಕರುಣೆಯಿಂದ ನೋಡಿದರು.

"ಗೊರಕೆ ಹೊಡೀಬೇಡಪ್ಪಾ. ಮೀನು ಎಚ್ಚರ ಆಗುತ್ತೆ."