ಕೊಟ್ಟ ಪೊಟ್ಟಣ ವಾಪಸು

ಜಿಪುಣನಿಗೆ ತಾನು ಜಿಪುಣ ಎಂದು ಯಾವತ್ತೂ ಗೊತ್ತಾಗುವುದಿಲ್ಲ. ಅವನ ದೃಷ್ಟಿಯಲ್ಲಿ ಅವನೊಬ್ಬ ವಿಚಾರವಂತ, ಊರಿನವರೆಲ್ಲ ದುಂದುಗಾರರು. ಈ ಮಾತನ್ನು ಇಷ್ಟು ಖಚಿತವಾಗಿ ಹೇಳುವ ಅಧಿಕಾರ ನನಗಿದೆ, ಏಕೆಂದರೆ ನಾನೂ ಬಹಳ ವರ್ಷ ವಿಚಾರವಂತನಾಗಿದ್ದೆ. ಸಾಲದ್ದಕ್ಕೆ ಕಡೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ವಿಜ್ಞಾನ ಓದಿದವನು ಜಿಪುಣನಾದರೆ ಅವನನ್ನು ಹಿಡಿಯುವವರಿಲ್ಲ. ಕೇಳಿದವರಿಗೆಲ್ಲ ಒಂದೊಂದು ಸಮೀಕರಣ ಬರೆದು ತೋರಿಸುತ್ತಾನೆ. ನೆಲ ಒರೆಸುವ ದ್ರಾವಣ ಅಂಗಡಿಯಿಂದ ನಮ್ಮ ಮನೆಗೆ ಬಂದು ಯಾವ ಕಾಲವಾಯಿತೋ. ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿಯವನು ಎಸೆಯುವ ನಿಂಬೆ ಸಿಪ್ಪೆಯನ್ನು ಚೀಲದಲ್ಲಿ ಹೊತ್ತು ತಂದು, ಬೆಲ್ಲದ ನೀರಿನಲ್ಲಿ ಕೊಳೆಹಾಕಿ, ಮೂರು ತಿಂಗಳು ಕಾದು ನಾನೇ ತಯಾರಿಸುತ್ತಿದ್ದೆ. ಆ ಮೂರು ತಿಂಗಳು ಮನೆ ಹೇಗಿರುತ್ತಿತ್ತು ಎಂಬುದನ್ನು ನನ್ನ ಹೆಂಡತಿ ಮಂಗಳ ಹೇಳಬೇಕು. ಹೇಳುತ್ತಲೂ ಇದ್ದಳು. "ರೀ, ನೆಲ ಗಲೀಜಾಗೇ ಇರ್ಲಿ ಬಿಡ್ರೀ, ಈ ನಾತ ತಡಿಯಕ್ಕಾಗಲ್ಲ" ಎನ್ನುತ್ತಿದ್ದಳು. ಸಂಶೋಧಕರಿಗೆ ಮನೆಯಲ್ಲಿ ಬೆಂಬಲ ಸಿಗುವುದು ಕಡಿಮೆ ಎಂದು ನಾನು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ಮಗಳು ಸಿಂಚನಳಿಗೆ ಏಳು ತುಂಬುವ ಹೊತ್ತಿಗೆ ಸರಿಯಾಗಿ, ತರೀಕೆರೆಯಲ್ಲಿರುವ ನನ್ನ ಸ್ನೇಹಿತನೊಬ್ಬ ಮಗನ ಹುಟ್ಟುಹಬ್ಬವನ್ನು ಹಾಲ್ ಹಿಡಿದು ಮಾಡಿದ. ಎರಡು ಅಂತಸ್ತಿನ ಕೇಕು, ಕಿವಿಗಡಚಿಕ್ಕುವ ಹಾಡು, ಮಕ್ಕಳನ್ನು ಕುಣಿಸಲು ಕರಡಿ ವೇಷದವನೊಬ್ಬ. ಪಾಪ, ಆ ಕರಡಿ ಸೆಕೆ ತಾಳಲಾರದೆ ತಲೆಯನ್ನು ಕಳಚಿ ಕಂಕುಳಲ್ಲಿಟ್ಟುಕೊಂಡು ಕೈ ತೊಳೆಯುವ ನಲ್ಲಿಯ ಹತ್ತಿರ ಸುಧಾರಿಸಿಕೊಳ್ಳುತ್ತಿತ್ತು. ಹೊರಡುವಾಗ ಮಕ್ಕಳಿಗೆಲ್ಲ ಒಂದೊಂದು ರಿಟರ್ನ್ ಗಿಫ್ಟು. ವಾಪಸು ಬರುವ ಬಸ್ಸಿನಲ್ಲಿ ಸಿಂಚನ ಆ ಡಬ್ಬಿಯನ್ನು ಎದೆಗೊತ್ತಿಕೊಂಡು ಕೇಳಿದಳು: "ಅಪ್ಪಾ, ನನ್ ಬರ್ತ್‌ಡೇಗೂ ಕರಡಿ ಬರುತ್ತಾ?" ನಾನು ಹೇಳಿದೆ, "ನಿಂದಕ್ಕೆ ಅಜ್ಜಂಪುರದಿಂದ ಅಜ್ಜಿ ಬರ್ತಾರೆ ಕಣೇ." ಮಗು ಕಿಟಕಿಯ ಕಡೆ ತಿರುಗಿಕೊಂಡಿತು.

ಅಂದೇ ತೀರ್ಮಾನಿಸಿದೆ, ಬರೀ ಬುದ್ಧಿಯಿಂದ ಒಂದು ಹುಟ್ಟುಹಬ್ಬ ಮಾಡಿ ತೋರಿಸಬೇಕೆಂದು. ಕುಕ್ಕರಿನಲ್ಲಿ ರವೆ ಕೇಕು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಮಕ್ಕಳ ಟೋಪಿ. ತಿನ್ನಲು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ರವೆ ಉಂಡೆ. ರಿಟರ್ನ್ ಗಿಫ್ಟು ಮಾತ್ರ ನನ್ನ ಪ್ರತಿಭೆಯ ಶಿಖರ: ಮಗುವಿಗೆ ಒಂದು ಪೆನ್ಸಿಲ್ಲು, ಮಗುವಿನ ತಾಯಿಗೆ ನನ್ನ ಸ್ವಂತ ತಯಾರಿಕೆಯ ಬೆಳ್ಳಿ ಬೆಳಗುವ ಪುಡಿಯ ಪೊಟ್ಟಣ. ಮಂಗಳ ಹಣೆ ಚಚ್ಚಿಕೊಂಡಳು. "ಮಕ್ಕಳ ಹುಟ್ಟಿದಬ್ಬಕ್ಕೆ ಪಾತ್ರೆ ತಿಕ್ಕೋ ಪುಡಿ ಕೊಡ್ತಾರೇನ್ರೀ ಯಾರಾದ್ರೂ?" "ಅದಕ್ಕೇ ನಾವು ಕೊಡೋದು" ಎಂದೆ.

ಪುಡಿಯಲ್ಲಿ ಅಡುಗೆ ಸೋಡಾ ಇತ್ತು, ನಿಂಬೆ ಉಪ್ಪು ಎನ್ನುವ ಸಿಟ್ರಿಕ್ ಆಮ್ಲವಿತ್ತು. ಆದರೆ ಹೊಳಪು ಬರಲೊಲ್ಲದು. ಹುಟ್ಟುಹಬ್ಬಕ್ಕೆ ಮೂರು ದಿನ ಮುಂಚೆ, ಮಂಗಳ ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಆರತಿ ತಟ್ಟೆ ತಿಕ್ಕಿ ತಿಕ್ಕಿ ತೋಳು ಬಿದ್ದುಹೋದ ಮೇಲೆ ನೆನಪಾಯಿತು: ಬೆಳ್ಳಿಗೆ ವಿಭೂತಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ನಮ್ಮ ಕಡೆ ಎಲ್ಲ ಮನೆಯಲ್ಲೂ ವಿಭೂತಿಯಲ್ಲೇ ತಿಕ್ಕುತ್ತಾರೆ. ದೇವರ ಗೂಡಿನಲ್ಲಿ ಹುಡುಕಿದೆ. ನಾವು ದಿನಾ ಹಚ್ಚಿಕೊಳ್ಳುವ ಅಂಗಡಿಯ ಗಟ್ಟಿ ಸವೆದು ಉಗುರಿನಷ್ಟಾಗಿತ್ತು. ಅದರ ಹಿಂದೆ ಕಾವಿ ಬಟ್ಟೆಯಲ್ಲಿ ಸುತ್ತಿಟ್ಟ ದೊಡ್ಡದೊಂದು ಗಟ್ಟಿ ಸಿಕ್ಕಿತು. ಅಂಗಡಿಯದರಂತೆ ಚೌಕವಲ್ಲ, ಕೈಯಲ್ಲಿ ಉಂಡೆ ಕಟ್ಟಿದ್ದು. ಯಾವುದೋ ಹಳೇ ಸ್ಟಾಕು ಎಂದುಕೊಂಡು ಪೂರ್ತಿ ಕುಟ್ಟಿ ಪುಡಿ ಮಾಡಿ ಬೆರೆಸಿದೆ. ತಟ್ಟೆಯಲ್ಲಿ ನನ್ನ ಮುಖ ಕಂಡಿತು. ಹನ್ನೆರಡು ಪೊಟ್ಟಣ ಕಟ್ಟಿ, ಮೇಲೆ ರಿಬ್ಬನ್ ಕೂಡ ಸುತ್ತಿದೆ. ಖಾಲಿ ಬಟ್ಟೆಯನ್ನು ಮಡಿಸಿ ಇದ್ದಲ್ಲೇ ಇಟ್ಟೆ.

ಹುಟ್ಟುಹಬ್ಬದ ಬೆಳಿಗ್ಗೆ ಅಜ್ಜಂಪುರದ ಬಸ್ಸಿನಿಂದ ಅತ್ತೆ ಇಳಿದರು. ನಮ್ಮ ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ತಾಯಿ ತೀರಿಕೊಂಡ ವರ್ಷ ನಾನು ಊಟ ನಿದ್ದೆ ಬಿಟ್ಟು ಕುಳಿತಿದ್ದಾಗ, ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿದ್ದು, ಎದುರು ಕುಳಿತು ಎರಡು ತುತ್ತು ಉಣ್ಣಿಸಿದವರು ಅವರು. ಅವರ ಮನಸ್ಸು ನೋಯಿಸುವುದೆಂದರೆ ನನಗೆ ಆಗದ ಮಾತು. ಕಾಲು ತೊಳೆದು ಒಳಗೆ ಬಂದು ಮೊಮ್ಮಗಳನ್ನು ಮಡಿಲಿಗೆಳೆದುಕೊಂಡು ಅವರು ಕೇಳಿದರು: "ಪುಟ್ಟಿ, ಹೋದ ಭಾನುವಾರ ನಿಮ್ಮಮ್ಮನ್ ಕೈಲಿ ಕಳ್ಸಿದ್ನಲ್ಲ ಗುರುಗಳ ವಿಭೂತಿ, ಗೂಡಲ್ಲಿ ಜೋಪಾನವಾಗಿ ಇಟ್ಟಿದಾಳಾ? ಮಂಡಿನೋವು, ಬರಕ್ಕಾಗುತ್ತೋ ಇಲ್ವೋ ಅಂತ ಮುಂಚೇನೇ ಕಳ್ಸಿದ್ದೆ." ಮಂಗಳ ಒಳಗಿನಿಂದಲೇ ಕೂಗಿದಳು, "ಕಾವಿ ಬಟ್ಟೇಲಿ ಸುತ್ತಿದಂಗೇ ಐತೆ ಕಣಮ್ಮ, ಯಾರೂ ಮುಟ್ಟಿಲ್ಲ."

ಅದು ಯಾವ ವಿಭೂತಿ ಎಂದು ಮಂಗಳಳನ್ನು ಮೆಲ್ಲಗೆ ಕೇಳಿದೆ. ಅತ್ತೆಗೆ ದೀಕ್ಷೆಯಾದ ದಿನ ಗುರುಗಳು ತಮ್ಮ ಕೈಯಾರೆ ಕೊಟ್ಟ ಗಟ್ಟಿ ಅದು. ಗುರುಗಳು ಲಿಂಗೈಕ್ಯರಾಗಿ ಎಷ್ಟೋ ಕಾಲವಾಯಿತು. ಸಿಂಚನಳ ಪ್ರತಿ ಹುಟ್ಟುಹಬ್ಬಕ್ಕೂ ಅತ್ತೆ ಅದನ್ನು ತಂದು, ಸಾಸಿವೆಯಷ್ಟು ಕೆರೆದು ಮಗುವಿನ ಹಣೆಗಿಟ್ಟು, ಮತ್ತೆ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಆ ಹೊತ್ತಿಗೆ ನಾನು ಬಲೂನು ಊದುವುದರಲ್ಲಿರುತ್ತಿದ್ದೆ, ಗಮನಿಸಿಯೇ ಇರಲಿಲ್ಲ. ಈಗ ಆ ಗಟ್ಟಿ ಹನ್ನೆರಡು ಪಾಲಾಗಿ ರಿಬ್ಬನ್ ಸುತ್ತಿಕೊಂಡು ಮಂಚದ ಕೆಳಗೆ ಕುಳಿತಿತ್ತು.

ಇಡೀ ದಿನ ನಾನು ಮಾಡಿದ ಯೋಚನೆಗಳನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪೇಟೆಗೆ ಓಡಿ ಹೊಸ ಗಟ್ಟಿ ತಂದೆ. ಅದು ಅಂಗಡಿಯದೆಂದು ಕುರುಡನಿಗೂ ತಿಳಿಯುವಂತಿತ್ತು. ಹೇಳಿಬಿಡೋಣವೆಂದು ಎರಡು ಸಲ ಅಡುಗೆಮನೆಯ ಬಾಗಿಲಿಗೆ ಹೋದೆ. ಅತ್ತೆ ಬಜ್ಜಿ ಹಿಟ್ಟು ಕಲಸುತ್ತ, "ಅಳಿಯಂದ್ರು ಪಾಪ ಒಬ್ರೇ ಎಲ್ಲಾ ಓಡಾಡ್ತಾವ್ರೆ" ಎಂದು ಮಗಳಿಗೆ ಹೇಳುತ್ತಿದ್ದರು. ಎರಡು ಸಲವೂ ನೀರು ಕುಡಿದು ವಾಪಸು ಬಂದೆ. ಕೊನೆಗೆ ಒಂದು ಪೊಟ್ಟಣ ಒಡೆದು ಪುಡಿಯನ್ನು ಕಾವಿ ಬಟ್ಟೆಗೆ ಸುರಿದು ಗಂಟು ಹಾಕಿದೆ. ಕಲಬೆರಕೆಯಾದರೂ ಅಸಲು ಒಳಗಿದೆಯಲ್ಲ ಎಂಬುದು ನನ್ನ ವಾದ.

ಸಂಜೆ ಮನೆ ತುಂಬ ಮಕ್ಕಳು, ಅವರ ತಾಯಂದಿರು. ಕ್ಯಾಲೆಂಡರ್ ಟೋಪಿಗಳಲ್ಲಿ ಅಮಾವಾಸ್ಯೆ ಹುಣ್ಣಿಮೆಗಳು ಓಡಾಡುತ್ತಿದ್ದವು. ಬಲೂನು ಒಡೆದಾಗಲೆಲ್ಲ ನಾನು ಬೆಚ್ಚುತ್ತಿದ್ದೆ. ಆರತಿಗೆ ಮುಂಚೆ ಅತ್ತೆ ಗಂಟು ಬಿಚ್ಚಿದರು, ಪುಡಿ ನೋಡಿ ಕೈ ನಿಲ್ಲಿಸಿದರು. "ಬಸ್ಸಿನಲ್ಲಿ ಕುಲುಕಿ ಪುಡಿಯಾಗಿರಬೇಕು" ಎಂದೆ. ಅವರು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು, ವಾಡಿಕೆಯಂತೆ ಕಲಸಲು ಬೆಳ್ಳಿ ಲೋಟಕ್ಕೆ ಬೆರಳದ್ದಿದರು. ಆಗ ನನಗೆ ಹೊಳೆಯಿತು. ವರ್ಷ ವರ್ಷ ಒಂಬತ್ತನೇ ಕ್ಲಾಸಿಗೆ ನಾನೇ ಮಾಡಿ ತೋರಿಸುವ ಪ್ರಯೋಗ: ನಿಂಬೆ ಉಪ್ಪು, ಸೋಡಾ, ಅದಕ್ಕೆ ನೀರು. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹನಿ ಬಿತ್ತು. ಅತ್ತೆಯ ಅಂಗೈಯಲ್ಲಿ ವಿಭೂತಿ ಬುಸ್ಸೆಂದು ನೊರೆಯೆದ್ದು ಉಕ್ಕಿತು.

"ಅಯ್ಯೋ ಶಿವನೇ! ಉಕ್ತಾ ಐತಲ್ರೇ!" ಎಂದು ಪಕ್ಕದ ಮನೆಯ ಸರೋಜಕ್ಕ ಕೈಮುಗಿದರು. ಒಬ್ಬಾಕೆ ಮೊಬೈಲ್ ತೆಗೆದಳು. "ಅಪ್ಪಾ, ನೀನು ಬಚ್ಚಲಲ್ಲಿ ಮಾಡ್ತೀಯಲ್ಲ..." ಎಂದು ಸಿಂಚನ ಶುರು ಮಾಡಿದಳು, ಅವಳ ಬಾಯಿಗೆ ಒಂದು ರವೆ ಉಂಡೆ ತುರುಕಿದೆ. ಅತ್ತೆ ಅಂಗೈಯನ್ನು ಮೂಗಿನ ಹತ್ತಿರ ತಂದರು. ನನ್ನ ಮುಖ ನೋಡಿದರು. ಅಷ್ಟು ಉದ್ದದ ನೋಟವನ್ನು ನಾನು ಜನ್ಮದಲ್ಲಿ ಎದುರಿಸಿರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು: "ನಮ್ ಗುರುಗಳ ಕೈ ವಿಭೂತಿ ಕಣ್ರಮ್ಮ. ಮಗೀನ್ ನೋಡಿ ಅವ್ರಿಗೂ ಸಂತೋಷ ಆಗೈತೆ. ಇದು ದೇವರ ಮುಂದಿರ್ಲಿ, ಮಗೀಗೆ ದಿನಾ ಹಚ್ಚೋದೇ ಹಚ್ತೀನಿ." ಸವೆದ ಅಂಗಡಿ ಗಟ್ಟಿಯನ್ನೇ ಮಗುವಿನ ಹಣೆಗೆ ಹಚ್ಚಿದರು. ಆರತಿಯಾಯಿತು, ಕೇಕು ಕತ್ತರಿಸಿದ್ದೂ ಆಯಿತು. ನನಗೆ ಏನೂ ಕಾಣಲಿಲ್ಲ.

ಆಮೇಲೆ ನನಗೆ ಅಡುಗೆಮನೆಗೆ ಕರೆ ಬಂತು. ಅತ್ತೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. "ನಾನೂ ಇಷ್ಟು ವರ್ಷ ಅಡಿಗೆ ಮಾಡಿದೋಳೇ. ಸೋಡಾ ಅಂದ್ರೆ ನಂಗೂ ಗೊತ್ತು. ಏನ್ ಮಾಡಿದ್ರಿ ಹೇಳ್ರಿ." ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. "ಪಾತ್ರೆ ತಿಕ್ಕಕ್ಕಾ?" ಎಂದರು. "ಬೆಳ್ಳಿಗೆ ಅತ್ತೆ" ಎಂದೆ, ಅದರಿಂದ ಅಪರಾಧ ಕಡಿಮೆಯಾಗುತ್ತದೆಂಬಂತೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಗುರುಗಳ ಹೆಸರಲ್ಲಿ ಇವತ್ತಿನವರ್ಗೂ ಒಂದ್ ಸುಳ್ಳು ಹೇಳಿರ್ಲಿಲ್ಲ ನಾನು. ಹತ್ತು ಜನದ ಮುಂದೆ ನಿಮ್ ಮರ್ಯಾದಿ ಹೋಗಬಾರ್ದು ಅಂತ ಹೇಳ್ದೆ. ಉಳಿದಿದ್ದು ಎಲ್ಲೈತೆ?" ಅದೇ ಹೊತ್ತಿಗೆ ಬಾಗಿಲಲ್ಲಿ ಮಂಗಳಳ ದನಿ ಕೇಳಿಸಿತು: "ತಗೊಳ್ರೀ, ನಮ್ಮನೆಯವ್ರೇ ಮಾಡಿದ್ದು. ಬೆಳ್ಳಿಗೆ ಭಾಳ ಚೆನ್ನಾಗಿ ಹೊಳಪು ಬರ್ತೈತೆ." ನಾನು ಹೊರಗೆ ಓಡುವಷ್ಟರಲ್ಲಿ ಹನ್ನೊಂದು ಪೊಟ್ಟಣಗಳೂ ಬೀದಿ ತಿರುವು ದಾಟಿದ್ದವು.

ಮನೆಗೆ ಹೋಗಿ ಯಾರಾದರೊಬ್ಬರು ಪುಡಿಗೆ ನೀರು ಹಾಕಿದರೆ ಸಾಕು, ನೊರೆ ಉಕ್ಕುತ್ತದೆ, ಅತ್ತೆಯ ಮಾತು ಸುಳ್ಳೆಂದು ಬೀದಿಯೆಲ್ಲ ಗೊತ್ತಾಗುತ್ತದೆ. ಚೀಲ ಹಿಡಿದು ಹೊರಟೆ. ಮೊದಲ ಮನೆಯಲ್ಲಿ "ಪುಡಿ ಕೆಟ್ಟಿದೆ, ವಾಪಸು ಕೊಡಿ" ಎಂದೆ. "ಅಯ್ಯೋ, ಕೆಟ್ಟಿದ್ರೆ ನಾವೇ ಎಸಿತೀವಿ ಬಿಡಿ ಸಾರ್" ಎಂದರು. "ಎಸಿಬೇಡಿ! ನನಗೇ ಕೊಡಿ!" ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. ಆಕೆ ಪೊಟ್ಟಣ ಕೊಟ್ಟು ಗಂಡನ ಮುಖ ನೋಡಿದಳು. ಎರಡನೆಯ ಮನೆಯ ಯಜಮಾನ ನಕ್ಕು, "ತಗೊಳ್ಳಿ ಮೇಷ್ಟ್ರೇ. ಮಗು ತಿಂದಿರೋ ಕೇಕು ಮಾತ್ರ ವಾಪಸು ಕೊಡಕ್ಕಾಗಲ್ಲ" ಎಂದ. ಮುಂದಿನ ಮನೆಗಳಿಗೆ ನನಗಿಂತ ಮುಂಚೆ ಸುದ್ದಿ ಹೋಗಿತ್ತು. ಕದ ತಟ್ಟುವ ಮೊದಲೇ ಪೊಟ್ಟಣ ಹೊರಗೆ ಬರುತ್ತಿತ್ತು, ಒಂದು ಮನೆಯಲ್ಲಂತೂ ಪೆನ್ಸಿಲ್ಲನ್ನೂ ಸೇರಿಸಿ ಕೊಟ್ಟರು. ನಿಜ ಹೇಳಿ ಮಾನ ಉಳಿಸಿಕೊಳ್ಳೋಣವೆಂದರೆ ಅತ್ತೆಯ ಮಾನ ಹೋಗುತ್ತದೆ. ಚೀಲ ಹಿಡಿದು ಮುಂದೆ ನಡೆದೆ. ಕೊನೆಯ ಮನೆಯಾಕೆ ಆಗಲೇ ಒಣಬಟ್ಟೆಯಲ್ಲಿ ದೀಪದ ಕಂಬ ತಿಕ್ಕಿ ಪುಡಿಯನ್ನೆಲ್ಲ ಮುಗಿಸಿದ್ದಳು. ಫಳಫಳ ಹೊಳೆಯುತ್ತಿತ್ತು. ಒಳಗೆ ಹೋಗಿ ಪಾತ್ರೆ ಸೋಪೊಂದನ್ನು ತಂದು ಕೈಗಿಟ್ಟು, "ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಕಷ್ಟ ಎಲ್ರಿಗೂ ಬರ್ತೈತೆ" ಎಂದಳು. ಸೋಪನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಅತ್ತೆ ದೇವರ ಮುಂದೆ ಕುಳಿತಿದ್ದರು. ಹತ್ತು ಪೊಟ್ಟಣಗಳನ್ನು ಎದುರಿಗಿಟ್ಟು ಹೇಳಿದೆ, "ನೀರಿಗೆ ಹಾಕಿ ಸೋಸಿದರೆ ಸೋಡಾ ಕರಗಿ ಹೋಗುತ್ತೆ ಅತ್ತೆ, ವಿಭೂತಿ ತಳದಲ್ಲಿ..." "ಸಾಕು ಮಾಡ್ರಿ ನಿಮ್ ವಿಜ್ಞಾನ" ಎಂದರು. ಒಂದು ಪೊಟ್ಟಣದ ರಿಬ್ಬನ್ ಬಿಚ್ಚಿ ಚಿಟಿಕೆ ಪುಡಿ ತೆಗೆದುಕೊಂಡು ನೀರು ಹಾಕಿದರು. ನೊರೆ ಏಳುವುದನ್ನು ನೋಡಿದರು, ಇಳಿಯುವವರೆಗೆ ಕಾದರು. "ಬಗ್ರಿ" ಎಂದರು. ಬಗ್ಗಿದೆ. ನನ್ನ ಹಣೆಯ ಮೇಲೆ ಮೂರು ಬೆರಳು ಎಳೆದರು. ಧಗಧಗ ಉರಿಯಿತು. "ಉರಿತೈತಾ?" ಎಂದು ಕೇಳಿದರು. "ಇಲ್ಲ ಅತ್ತೆ" ಎಂದೆ. ಅವರ ತುಟಿಯ ಅಂಚಿನಲ್ಲಿ ನಗು ಕಾಣಿಸಿತು. "ನಿಮಗೋಸ್ಕರ ನಾನೊಂದು ಹೇಳ್ದೆ, ನನಗೋಸ್ಕರ ನೀವೊಂದು ಹೇಳಿದ್ರಿ. ಹೋಗ್ಲಿ, ಊಟಕ್ಕೇಳ್ರಿ."

ಮಾರನೆಯ ದಿನ ಹಣೆಯ ಮೇಲೆ ಮೂರು ಕೆಂಪು ಗೆರೆ ಹೊತ್ತು ಸ್ಕೂಲಿಗೆ ಹೋದೆ. ಅದೇನೆಂದು ಹುಡುಗರು ಕೇಳಿದರು. ನಿಂಬೆ ಉಪ್ಪಿನ ಪ್ರಮಾಣ ಸ್ವಲ್ಪ ಹೆಚ್ಚಾಯಿತು ಎಂದು ಹೇಳಲು ವಿಜ್ಞಾನದ ಮೇಷ್ಟ್ರಿಗೆ ಬಾಯಿ ಬರಲಿಲ್ಲ. ಭಕ್ತಿ ಎಂದೆ.