ಅತ್ತೆಯವರು ತೆಗೆಯದ ಕಲ್ಲು

ನನ್ನ ಹೆಂಡತಿ ನೀವೆಸ್ ನನ್ನ ಕಾರಿಗೆ ಬಹಿಷ್ಕಾರ ಹಾಕಿ ಆ ಭಾನುವಾರಕ್ಕೆ ಸರಿಯಾಗಿ ಹತ್ತೊಂಬತ್ತು ದಿನ. ಅವಳು ಏಳು ತಿಂಗಳ ಬಸುರಿ. ಲಾ ಪಾಸ್ ನಗರದ ನೆತ್ತಿಯ ಮೇಲಿರುವ ನಮ್ಮ ಬೀದಿಯಿಂದ ಹೆರಿಗೆ ಆಸ್ಪತ್ರೆಗೆ ಇಳಿಯುವ ದಾರಿಯನ್ನು ರಸ್ತೆ ಎನ್ನುವುದಕ್ಕಿಂತ ಜಾರುಬಂಡೆ ಎನ್ನುವುದೇ ಸರಿ. ಆ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ನನ್ನ ಕಾರಿನ ಹಿಂದಿನ ಚಕ್ರಗಳು ಕಿರ್ರೋ ಎಂದು ಕಿರುಚುತ್ತಿದ್ದವು.

"ಹೆರಿಗೆ ದಿನ ಕಿರುಚೋಕೆ ನಾನೊಬ್ಳಿದ್ದೀನಿ, ಸಾಕು. ನಿನ್ನ ಕಾರೂ ಬೇಡ," ಎಂದಿದ್ದಳು ನೀವೆಸ್. "ನೋವು ಬಂದ್ರೆ ಮಿನಿಬಸ್ಸಲ್ಲಿ ಹೋಗ್ತೀನಿ. ನಿಂತ್ಕೊಂಡಾದ್ರೂ ಹೋಗ್ತೀನಿ."

ಮನೆಮುಂದೆ ಕಾರು ನಿಂತಿರುವಾಗ ಸ್ವಂತ ಮಗು ಮಿನಿಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿ ಹುಟ್ಟುವುದೆಂದರೇನು? ನಾನು ಶಪಥ ಮಾಡಿದೆ.

ನಾನು ಬಣ್ಣದ ಅಂಗಡಿಯ ನೌಕರ. ಯಾವ ಗೋಡೆಗೆ ಯಾವ ಬಣ್ಣ ಎಂದು ದಿನವಿಡೀ ಜನರಿಗೆ ಉಪದೇಶಿಸುತ್ತೇನೆ. ಸ್ವತಃ ಒಂದು ಗೋಡೆಗೂ ಬಣ್ಣ ಬಳಿದವನಲ್ಲ (ನಮ್ಮ ಮಲಗುವ ಕೋಣೆಯೇ ಸಾಕ್ಷಿ). ಇಂಥವನು ಒಂದು ವಿಡಿಯೋ ನೋಡಿದರೆ ಮುಗಿಯಿತು, ಪಂಡಿತನಾಗಿಬಿಡುತ್ತಾನೆ. ನಾನಂತೂ ಪೂರ್ತಿ ಕೂಡ ನೋಡಿರಲಿಲ್ಲ. ಚಕ್ರವನ್ನು ಮತ್ತೆ ಜೋಡಿಸುವ ಹೊತ್ತಿಗೆ ನಿಲ್ಲಿಸಿದ್ದೆ. ಇನ್ನೇನು ಉಳಿದಿರುತ್ತದೆ?

"ಹಿಂದಿನ ಬ್ರೇಕ್ ಪ್ಯಾಡ್ ನಾನೇ ಬದಲಾಯಿಸ್ತೀನಿ," ಎಂದು ಘೋಷಿಸಿದೆ. "ಮಧ್ಯಾಹ್ನ ಅದೇ ಕಾರಲ್ಲಿ ಆಸ್ಪತ್ರೆ ಬಾಗಿಲವರೆಗೆ ಹೋಗಿ ಬರೋಣ."

ನೀವೆಸ್ ಕಾರಿಗೊಂದು ಸುತ್ತು ಹಾಕಿ ಬಂದಳು. "ಆಯ್ತು ಹೆನಾರೊ. ಇವತ್ತು ನನಗೆ ಭಯ ಆಗ್ಲಿಲ್ಲ ಅಂದ್ರೆ ಹೆರಿಗೆಗೂ ಇದೇ ಕಾರು. ಭಯ ಆಯ್ತೋ, ನಾಳೆನೇ ಮಾರಿಬಿಡ್ಬೇಕು."

ಕಾರು ಮನೆಮುಂದೆ ಇಳಿಜಾರಿಗೆ ಮೂತಿ ಮಾಡಿ ನಿಂತಿತ್ತು. ಹಿಂದಿನ ಬ್ರೇಕ್ ಬಿಚ್ಚಬೇಕಾದರೆ ಕೈಬ್ರೇಕ್ ಇಳಿಸಲೇಬೇಕು. ಆಮೇಲೆ ಕಾರನ್ನು ತಡೆದಿಡಲು ಉಳಿಯುವುದು ಗೇರ್ ಒಂದೇ. ಹಾಗಾಗಿ ನನ್ನ ಅತ್ತೆ ದೋನ್ಯಾ ಬಸಿಲಿಯಾ, ಸಂತೆಯಲ್ಲಿ ತಮ್ಮ ಆಲೂಗಡ್ಡೆ ಅಂಗಡಿಯ ಡೇರೆ ಹಾರದಂತೆ ಹಗ್ಗ ಕಟ್ಟುವ ದೊಡ್ಡ ಕಲ್ಲನ್ನು ತಂದು ಮುಂದಿನ ಚಕ್ರದ ಮುಂದೆ ಒಂದು ಗೇಣು ಬಿಟ್ಟು ಇಟ್ಟರು. ಎದುರುಮನೆಯ ದೋನ್ ಸೆವೆರೊ, ನಲವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು, ಟೋಪಿ ಹಾಕಿಕೊಂಡು ಕಿಟಕಿಯಲ್ಲಿ ಕುಳಿತರು. ಶವಸಂಸ್ಕಾರಕ್ಕೆ ಬಂದವರ ಮುಖ.

ಎಡಚಕ್ರ ಬಿಚ್ಚಿದೆ. ಸವೆದ ಪ್ಯಾಡ್ ಕಿತ್ತೆ. ಹೊಸ ಪ್ಯಾಡ್ ದಪ್ಪ. ಅದಕ್ಕೆ ಜಾಗವಾಗಬೇಕಾದರೆ ಅದನ್ನು ಒತ್ತುವ ಪಿಸ್ಟನ್ ಒಳಗೆ ಹೋಗಬೇಕು. ಹೋಗಲಿಲ್ಲ. ಕೈಯಿಂದ ಒತ್ತಿದೆ, ಮರಗೆಲಸದ ಕ್ಲ್ಯಾಂಪ್ ಹಾಕಿ ಒತ್ತಿದೆ, ಕೊನೆಗೆ ಕಾಲು ಕೊಟ್ಟು ಒತ್ತಿದೆ. ಒಂದು ಗಂಟೆ ಕಳೆಯಿತು. ಒಳಗೆ ಹೋದದ್ದು ನನ್ನ ಹೊಟ್ಟೆ ಮಾತ್ರ.

ಆಲೂಗಡ್ಡೆ ಸುಲಿಯುತ್ತ ಕೂತಿದ್ದ ಅತ್ತೆ ಬಗ್ಗಿ ನೋಡಿದರು. "ಅಳಿಯಂದ್ರೇ, ಅದರ ಮುಖದ ಮೇಲೆ ಎರಡು ಗೀರು ಯಾಕಿದೆ?"

"ಅಲಂಕಾರಕ್ಕೆ ಇರ್ಬೇಕು ಅತ್ತೆ."

"ಬ್ರೇಕಿಗೆ ಎಂಥಾ ಅಲಂಕಾರನಪ್ಪಾ! ತಿರುಗಿಸೋ ವಸ್ತುವಿಗೇ ಗೀರು ಇರೋದು. ಡಬ್ಬಿ ಮುಚ್ಚಳದ ಹಾಗೆ ತಿರುಗ್ಸು."

ತಿರುಗಿಸಿದೆ. ಪಿಸ್ಟನ್ ವಿನಯದಿಂದ ಒಳಗೆ ಹೋಯಿತು. ಕಿಟಕಿಯಲ್ಲಿ ದೋನ್ ಸೆವೆರೊ ಕೆಮ್ಮಿದರು. ಆ ಕೆಮ್ಮು ನನ್ನ ಎದೆಯಲ್ಲಿ ನಾಟಿತು. ಮುಂದೆ ನಡೆದದ್ದಕ್ಕೆಲ್ಲ ಆ ಕೆಮ್ಮೇ ಕಾರಣ (ನಾನಲ್ಲ).

ಬಲಚಕ್ರವೂ ಮುಗಿದಾಗ ಅತ್ತೆ ಒಳಗಿನಿಂದ ಬಿಯರ್ ಬಾಟಲಿ, ಹೂವಿನ ಎಸಳು ತಂದರು. ನಮ್ಮಲ್ಲಿ ಹೊಸ ವಸ್ತು ಬಂದರೆ ಚಾಲ್ಯಾ ಮಾಡದೆ ಮುಟ್ಟುವುದಿಲ್ಲ: ಮೊದಲು ಭೂತಾಯಿ ಪಾಚಮಾಮಾಗೆ ಎರಡು ಗುಟುಕು ಎರೆದು, ಆಮೇಲೆ ಆ ವಸ್ತುವಿಗೆ ಚಿಮುಕಿಸಬೇಕು.

"ಬೇಡ ಅತ್ತೆ! ಬ್ರೇಕ್ ಮೇಲೆ ಬಿಯರ್ ಬಿದ್ರೆ ಪ್ಯಾಡ್ ಹಾಳಾಗುತ್ತೆ. ಇದು ವಿಜ್ಞಾನ."

"ಚಾಲ್ಯಾ ಆಗ್ದೇ ಇರೋ ಕಾರು ಹೊರಡಬಾರ್ದು ಕಣಪ್ಪಾ."

"ಮುಚ್ಚಳ ತೆಗೆಯೋದು ನಿಮ್ಮ ವಿದ್ಯೆ ಅತ್ತೆ, ಕಾರು ಹೊರಡಿಸೋದು ನನ್ನದು. ಆ ಕಲ್ಲು ತೆಗೀರಿ."

ಅತ್ತೆ "ಹೂಂ" ಎಂದರು. ನಾನು ಸಿಂಹಾಸನವೇರುವಂತೆ ಹತ್ತಿ ಕುಳಿತೆ. ಸದ್ದು ನಿಂತಿದೆಯೋ ಇಲ್ಲವೋ ಕೇಳಲೆಂದು ನೀವೆಸ್ ನಾಲ್ಕು ಮಾರು ಕೆಳಗೆ, ಬೀದಿಯ ನಡುವೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

ಎಂಜಿನ್ ಚಾಲೂ ಮಾಡಿ ಗೇರ್ ಬಿಡಿಸಿದೆ. ಕಾರು ಮುಂದಕ್ಕೆ ಜಾರಿತು. ಬ್ರೇಕ್ ಒತ್ತಿದೆ. ಕಾಲು ಹತ್ತಿಯ ದಿಂಬಿಗೆ ಇಳಿದಂತೆ ನೆಲದವರೆಗೂ ಹೋಯಿತು. ಕೈಬ್ರೇಕ್ ಎಳೆದೆ, ಹಸಿ ಮಣ್ಣಿನಿಂದ ಮೂಲಂಗಿ ಬಂದ ಹಾಗೆ ಸುಮ್ಮನೆ ಮೇಲೆ ಬಂತು. ಗಾಜಿನಾಚೆ ನೀವೆಸ್‌ಳ ಮುಖ. ಅವಳು ಓಡಲಿಲ್ಲ. ನಾನು ನಿಲ್ಲಿಸುತ್ತೇನೆಂದು ನಂಬಿಕೊಂಡು ನಿಂತಿದ್ದಳು.

ಧಡ್! ಕಾರು ಮುಗ್ಗರಿಸಿ ನಿಂತಿತು.

ಮುಂದಿನ ಚಕ್ರದ ಕೆಳಗೆ, ಇಟ್ಟ ಜಾಗದಲ್ಲೇ, ಡೇರೆಯ ಕಲ್ಲು.

"ಚಾಲ್ಯಾ ಆಗ್ದೇ ತೆಗೀಬಾರ್ದು ಅಂತ ಬಿಟ್ಟಿದ್ದೆ," ಎಂದರು ಅತ್ತೆ.

ಕಿಟಕಿಯಿಂದ ದೋನ್ ಸೆವೆರೊ ಕೇಳಿದರು: "ಹೊಸ ಪ್ಯಾಡ್ ಹಾಕಿದ್ಮೇಲೆ ಪೆಡಲನ್ನ ಹತ್ತಿಪ್ಪತ್ತು ಸಲ ಒತ್ತಿ ಬಿಗಿ ಮಾಡ್ಕೊಂಡ್ಯೇನಪ್ಪಾ?"

ವಿಡಿಯೋದಲ್ಲಿ ಉಳಿದಿದ್ದದ್ದು ಅದೇ.

ಪೆಡಲ್ ಒತ್ತುತ್ತ ಕೂತೆ. ಏಳು, ಎಂಟು, ಒಂಬತ್ತು... ಹನ್ನೆರಡನೆಯದಕ್ಕೆ ಅದು ಕಲ್ಲಿನಷ್ಟೇ ಗಟ್ಟಿಯಾಯಿತು. ಕೈಬ್ರೇಕೂ ಕಚ್ಚಿತು. ಅಷ್ಟರಲ್ಲಿ ಅತ್ತೆ ನೆಲಕ್ಕೆ, ಬಾನೆಟ್ಟಿಗೆ, ಕಲ್ಲಿಗೆ, ಕೊನೆಗೆ ನನ್ನ ತಲೆಗೂ ಬಿಯರ್ ಚಿಮುಕಿಸಿದರು. (ಹಿಂದಿನ ಚಕ್ರಗಳ ಹತ್ತಿರ ಹೋಗಲಿಲ್ಲ. ವಿಜ್ಞಾನದ ಮಾತು ಅವರು ಕೇಳಿದ್ದರು. ಕೇಳದವನು ನಾನೇ.)

ನೀವೆಸ್ ನಿಧಾನವಾಗಿ ನಡೆದು ಬಂದು ನನ್ನ ಬಾಗಿಲು ತೆರೆದಳು. "ಇಳಿ."

ಇಳಿದೆ. ಅವಳು ಕೂತು ಪೆಡಲನ್ನು ಮೂರು ಸಲ ಒತ್ತಿ ನೋಡಿದಳು.

"ಬ್ರೇಕ್ ಚೆನ್ನಾಗಿದೆ," ಎಂದಳು. "ಡ್ರೈವರ್‌ದೇ ತೊಂದರೆ. ಕಾರು ಮಾರೋದು ಬೇಡ. ಅಮ್ಮ, ಪಕ್ಕದಲ್ಲಿ ಕೂತ್ಕೋ. ಆಸ್ಪತ್ರೆವರೆಗೆ ನಾನೇ ಓಡಿಸ್ತೀನಿ."

"ನಾನು?"

"ನೀನು ಕಲ್ಲು ತಗೊಂಡು ಪಕ್ಕದಲ್ಲೇ ನಡಿ."

ಹೀಗೆ ಹೊರಟಿತು ನಮ್ಮ ಮೆರವಣಿಗೆ. ಬಾನೆಟ್ಟಿನ ಮೇಲೆ ಹೂವಿನ ಎಸಳು, ಒಳಗೆ ತಾಯಿ ಮಗಳು, ಪಕ್ಕದಲ್ಲಿ ಎದೆಗೆ ಕಲ್ಲು ಅಪ್ಪಿಕೊಂಡು, ಬಿಯರ್ ತೊಟ್ಟಿಕ್ಕಿಸುತ್ತ ನಾನು. ಪ್ರತಿ ತಿರುವಿನಲ್ಲೂ ನೀವೆಸ್ ಬ್ರೇಕ್ ಒತ್ತಿದಳು. ಹಿಂದಿನ ಚಕ್ರಗಳಿಂದ ಒಂದು ಸದ್ದೂ ಇಲ್ಲ. ಆ ದಿನ ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆ ಅದೊಂದೇ.

ಯಾವ ಸಂತರ ಉತ್ಸವವೋ ಎಂದುಕೊಂಡು ಮೂಲೆಯ ಮುದುಕಿಯೊಬ್ಬಳು ಶಿಲುಬೆಯ ಗುರುತು ಮಾಡಿಕೊಂಡಳು. ಹಿಂತಿರುಗಿ ನೋಡಿದೆ. ಮೇಲೆ ಕಿಟಕಿಯಲ್ಲಿ ದೋನ್ ಸೆವೆರೊ ಎದ್ದು ನಿಂತು, ಟೋಪಿ ತೆಗೆದು ಎದೆಗಿಟ್ಟುಕೊಂಡಿದ್ದರು.

ನನಗಲ್ಲ, ಕಲ್ಲಿಗೆ.